ಶಿರವಾಳಕ್ಕೆ ಜೊತೆಗೆ ಹೋದವನು

ಓಣಿಯ ಮಕ್ಕಳ ಬಳಗ ಶಿರವಾಳದ ಗುಡಿ ನೋಡಲು ಹೊರಟಾಗ, ನನ್ನ ಅಂಜಿಕೆಯ ಲೆಕ್ಕದಲ್ಲಿ ಮಗಳಿದ್ದ ಟೆಂಪೊ ಉರುಳಬಹುದಿತ್ತು, ಕಲ್ಲುಸಂದಿಯಿಂದ ಹಾವು ಬರಬಹುದಿತ್ತು, ಬಿಸಿಲಿಗೆ ಬುತ್ತಿ ಹಳಸಬಹುದಿತ್ತು. ಅವಳ ಚೀಲದಲ್ಲಿ ಅರ್ಧ ಔಷಧ ಅಂಗಡಿಯನ್ನೇ ತುಂಬಿದ್ದೆ. ಜೊತೆಗೆ ಹೋಗುವ ಹೊಸ ಸ್ವಯಂಸೇವಕ ಯಾರೆಂದು ಬಳಗ ನಡೆಸುವ ಗೆಳತಿಯನ್ನೂ ಕೇಳಿದ್ದೆ.

"ನಮ್ಮ ಪೈಕಿನ ಅದಾನ, ಸುಮ್ಕಿರ ಬೇ," ಎಂದಿದ್ದಳು.

ಮಗಳು ನಗುತ್ತಲೇ ಮರಳಿದಳು. ಆ ಸ್ವಯಂಸೇವಕನೂ ಇದ್ದ ಪ್ರವಾಸದ ಫೋಟೊವನ್ನು ಸುರಪುರದ ಅಕ್ಕನಿಗೆ ಕಳಿಸಿದೆ. ಅವಳು ಕೂಡಲೇ ಫೋನ್ ಮಾಡಿದಳು: "ಇವ ಸಣ್ಣ ಹುಡುಗ್ಯಾರ ಮೈ ಮುಟ್ಟಿ ಜೈಲಿಗೆ ಹೋಗಿ ಬಂದಾನಲ್ಲ!"

ಗೆಳತಿಯ ಮನೆಗೆ ಓಡಿದೆ. "ನಿನಗ ಗೊತ್ತಿತ್ತೇನ?"

"ಗೊತ್ತಿತ್ತು. ಹೇಳಿದ್ರ ನೀ ಮಗಳನ್ನ ಕಳಸ್ತಿದ್ದಿಲ್ಲ, ಮೊದಲ ಅಂಜುಬುರುಕಿ. ಈಗ ಏನರ ಆತೇನ?"

ಏನೂ ಆಗಿರಲಿಲ್ಲ. ಗೆಳತಿ ನನಗೆ ಹೇಳಿರಲಿಲ್ಲ, ಅಷ್ಟೇ.