ಎರಡು ಬೆರಳಿನ ಅಟ್ಟೆ

ಒಂದು ಕಾಲು ಗಿಡ್ಡ ಇದ್ದವರಿಗೆ ಬೂಟು ಹೊಲಿಯುವುದು ಮೇಸ್ತ್ರಿಯ ಕಸುಬು. ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅಟ್ಟೆ ಎಷ್ಟು ದಪ್ಪ ಬೇಕೆಂದು ತನ್ನ ಬೆರಳಿನಿಂದಲೇ ಅಳೆಯುತ್ತಿದ್ದ. ತಿಂಗಳಿಗೆ ಆರೇ ಜೋಡಿ, ಜನ ಕಾಯುತ್ತಿದ್ದರು.

"ಅಣ್ಣ, ಕಾಯಿಸಿ ಕಾಯಿಸಿ ಅವರ ಇನ್ನೊಂದು ಕಾಲೂ ಸವೆಸ್ತೀಯಾ?" ಎಂದು ಅವನ ತಮ್ಮ ಬೆನ್ನು ಹತ್ತಿದ. ಕೊನೆಗೆ ಮೇಸ್ತ್ರಿ ಮಣಿದ. ಪಕ್ಕದ ಮಳಿಗೆಯೂ ಬಂತು, ಎಂಟು ಮಂದಿ ಕೆಲಸಗಾರರೂ ಬಂದರು. ಈಗ ಮೇಸ್ತ್ರಿ ಅಳತೆಯನ್ನು ಚೀಟಿಯಲ್ಲಿ ಬರೆದು ಕೆಲಸಗಾರರಿಗೆ ಕೊಟ್ಟು ಮುಂದಿನವರನ್ನು ಕರೆಯುತ್ತಿದ್ದ.

ಇಪ್ಪತ್ತು ವರ್ಷದಿಂದ ಅವನ ಬೂಟನ್ನೇ ಹಾಕುತ್ತಿದ್ದ ಟೀಚರಮ್ಮನ ಚೀಟಿಯಲ್ಲಿ 'ಎರಡು ಬೆರಳು' ಎಂದಿತ್ತು. ಹೊಸ ಕೆಲಸಗಾರ ತನ್ನ ಸಣಕಲು ಬೆರಳಿಟ್ಟು ಅಟ್ಟೆ ಕತ್ತರಿಸಿದ. ಮೇಸ್ತ್ರಿಗೆ ನೋಡಲು ಪುರುಸೊತ್ತಿರಲಿಲ್ಲ. ಮೇಸ್ತ್ರಿಯ ಬೂಟೆಂಬ ನಂಬಿಕೆಯಲ್ಲಿ ಟೀಚರಮ್ಮ ಶಾಲೆಯ ಮೆಟ್ಟಿಲಿಳಿದರು; ಉರುಳಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಮೇಸ್ತ್ರಿ ಕೆಲಸಗಾರನನ್ನು ಬೈಯಲಿಲ್ಲ. ಎಲ್ಲರಿಗೂ ಬೇರೆ ಕಡೆ ಕೆಲಸ ಹುಡುಕಿಕೊಟ್ಟು ಪಕ್ಕದ ಮಳಿಗೆ ಬಿಟ್ಟ. ಹೊಸ ಜೋಡಿಯನ್ನು ತಾನೇ ಹೊಲಿದು ಟೀಚರಮ್ಮನ ಮನೆಗೆ ಒಯ್ದ.

ಅವರು ಮಂಚದಲ್ಲೇ ಬೂಟನ್ನು ತಿರುಗಿಸಿ ನೋಡಿದರು. "ಈಗ ಸರಿಯಾಗಿದೆ ಕಣಯ್ಯ. ಆದ್ರೆ ಇನ್ನು ನಡೆಯೋಕಾಗಲ್ಲ ಅಂದ್ಬಿಟ್ರು ಡಾಕ್ಟ್ರು."

"ತಪ್ಪಾಯ್ತು ತಾಯಿ."

"ಎಷ್ಟು ದಿನ ಬೇಕಾದ್ರೂ ಕಾಯ್ತಿದ್ನಲ್ಲಯ್ಯ. ನಾನ್ಯಾವತ್ತಾದ್ರೂ ಅವಸರ ಮಾಡಿದ್ನಾ?"

ಇಲ್ಲ, ಅವರು ಎಂದೂ ಮಾಡಿರಲಿಲ್ಲ. ಬೂಟನ್ನು ಅಲ್ಲೇ ಬಿಡುವುದೋ, ಎತ್ತಿಕೊಂಡು ಹೋಗುವುದೋ ತಿಳಿಯದೆ ಮೇಸ್ತ್ರಿ ಬಾಗಿಲಲ್ಲಿ ನಿಂತ.