ಕಡಲ್ಗಳ್ಳರ ಜೊತೆ ದೊಡ್ಡಮ್ಮನ ನೂರಾ ಹನ್ನೆರಡು ದಿನ

ನಮ್ಮ ದೊಡ್ಡಮ್ಮ ಫೋನನ್ನು ತಾನಾಗಿ ಮೊದಲು ಇಡುವವಳಲ್ಲ. ರಾಂಗ್ ನಂಬರ್ ಆದರೂ ಅಷ್ಟೆ. ಗ್ಯಾಸ್ ಏಜೆನ್ಸಿ ಅಂದುಕೊಂಡು ಯಾರಾದರೂ ಫೋನ್ ಮಾಡಿದರೆ, ಅಲ್ಲ ಎಂದು ಹೇಳಿ, ಆ ಕಡೆಯವರು ಇಡುವ ತನಕ ಕಿವಿಗೆ ಹಿಡಿದುಕೊಂಡೇ ಇರುತ್ತಾಳೆ. ವಿಮೆ ಮಾರಲು ಫೋನ್ ಮಾಡಿದ ಹೆಂಗಸೊಬ್ಬಳು, ಇವಳು ಇಡುವುದಿಲ್ಲವೆಂದು ಗೊತ್ತಾದ ಮೇಲೆ, ವಿಮೆಯನ್ನು ಬಿಟ್ಟು ತನ್ನ ಅತ್ತೆಯ ಕಾಟವನ್ನು ಹೇಳಿಕೊಂಡಳಂತೆ. "ಇವಳಿಗೆ ಫೋನ್ ಮಾಡೋರು ಬುತ್ತಿ ಕಟ್ಕೊಂಡು ಕೂರಬೇಕು" ಎಂದು ದೊಡ್ಡಪ್ಪ ಹೊಸಬರ ಮುಂದೆ ತಮಾಷೆ ಮಾಡುತ್ತಾರೆ. ಹೊಸಬರು ನಗುತ್ತಾರೆ. ನಾವು ನಗುವುದಿಲ್ಲ. ದೊಡ್ಡಪ್ಪನೂ ಅಷ್ಟು ಹೇಳಿ ಪೇಪರು ಬಿಡಿಸಿಕೊಳ್ಳುತ್ತಾರೆ.

ಅವಳು ಬಂದರಿನ ರಸ್ತೆಯ ಒಂದು ಹಡಗು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದಳು. ಎರಡನೇ ಮಹಡಿಯ ಆಫೀಸು. ಮೆಟ್ಟಿಲಿನ ಕಬ್ಬಿಣದ ಕಂಬಿ ಉಪ್ಪುಗಾಳಿಗೆ ತುಕ್ಕು ಹಿಡಿದು, ಹಿಡಿದುಕೊಂಡು ಹತ್ತಿದವರ ಅಂಗೈಯೆಲ್ಲ ಕೆಂಪಾಗುತ್ತಿತ್ತು. ಯಾವ ಹಡಗಿಗೆ ಯಾವ ಸರಕು ಏರಿತು ಎಂಬ ಪಟ್ಟಿಗಳನ್ನು ಟೈಪ್ ಮಾಡುವುದು ಅವಳ ಕೆಲಸ. ತಾನು ಮಾತ್ರ ಒಂದು ದಿನವೂ ಹಡಗು ಹತ್ತಿದವಳಲ್ಲ. ನಿಂತ ದೋಣಿಯಲ್ಲಿ ಕೂತರೂ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ನಾನಾಗ ಕಾಲೇಜಿಗೆಂದು ಅವರ ಮನೆಯಲ್ಲಿದ್ದೆ. ಮನೆಯಲ್ಲಿ ನಡೆದದ್ದು ನಾನು ಕಣ್ಣಾರೆ ಕಂಡದ್ದು. ಆಫೀಸಿನೊಳಗಿನದು ಅವಳು ಆಮೇಲೆ ವರ್ಷಗಟ್ಟಲೆ, ಸೊಪ್ಪು ಬಿಡಿಸುತ್ತ, ಬಟ್ಟೆ ಮಡಚುತ್ತ, ತುಂಡು ತುಂಡಾಗಿ ಹೇಳಿದ್ದು.

ಒಂದು ಸೋಮವಾರ ಕಂಪನಿಯ ಹಡಗೊಂದನ್ನು ಕಡಲ್ಗಳ್ಳರು ಹಿಡಿದರು. ಎರಡು ಸಣ್ಣ ದೋಣಿ, ಒಂದು ಉದ್ದನೆಯ ಏಣಿ, ಏಳು ಬಂದೂಕು. ಅಷ್ಟರಿಂದಲೇ ಮೂರು ಮನೆಯೆತ್ತರದ ಹಡಗೂ ಅದರಲ್ಲಿದ್ದ ಹತ್ತೊಂಬತ್ತು ಜನರೂ ಕಾಲು ಗಂಟೆಯೊಳಗೆ ಅವರ ವಶವಾದರು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿಗೆ ಫೋನ್ ಬಂತು. ಎತ್ತಿದ ಮ್ಯಾನೇಜರಿಗೆ ಒಂದಕ್ಷರವೂ ತಿಳಿಯಲಿಲ್ಲ. ಫೋನಿನ ಸ್ಪೀಕರು ಹಾಕಿ ಎಲ್ಲರ ಮುಖ ನೋಡಿದರು. ಫೈಲು ಇಡಲು ಒಳಗೆ ಹೋಗಿದ್ದ ದೊಡ್ಡಮ್ಮ ಅಲ್ಲೇ ನಿಂತಳು.

ಅದು ಅವಳ ಅಜ್ಜಿಯ ಭಾಷೆ. ಅಜ್ಜಿ ಕಡಲಿನ ಆಚೆ ದಡದಿಂದ ಮದುವೆಯಾಗಿ ಬಂದವಳು. ಅವಳ ಮಡಿಲಲ್ಲಿ ಬೆಳೆದ ದೊಡ್ಡಮ್ಮನಿಗೆ ಆ ಭಾಷೆ ಬರುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ಮೂವತ್ತು ವರ್ಷ ಅದನ್ನು ಆಡಲು ಜನವೇ ಸಿಕ್ಕಿರಲಿಲ್ಲ.

"ತೀರ್ಮಾನ ತಗೊಳ್ಳೋರು ಯಾರಿದ್ದಾರೆ ಅಂತ ಕೇಳ್ತಿದ್ದಾನೆ ಸಾರ್" ಎಂದಳು.

ಅಂದಿನಿಂದ ಅವಳ ಮೇಜು ಮ್ಯಾನೇಜರ ಕೋಣೆಯೊಳಕ್ಕೆ ಹೋಯಿತು. ಹೆಡ್ ಆಫೀಸಿನಿಂದ ಒಬ್ಬ ಸಲಹೆಗಾರರು ಬಂದರು. ಇಂಥ ವ್ಯವಹಾರಗಳನ್ನು ಕುದುರಿಸಿ ಪಳಗಿದವರು. ಎದುರು ಕುರ್ಚಿಯಲ್ಲಿ ಕೂತು, ಅವಳು ತಿಳಿಸಿದ್ದನ್ನು ಕೇಳಿ, ಏನು ಹೇಳಬೇಕೆಂಬುದನ್ನು ಪುಟ್ಟ ಬಿಳಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಆಫೀಸಿನವರು ಅವರಿಗೆ 'ಬೋರ್ಡಿನವರು' ಎಂದೇ ಹೆಸರಿಟ್ಟರು. ಮೊದಲ ದಿನವೇ ಅವರು ದೊಡ್ಡಮ್ಮನಿಗೆ ಪಾಠ ಹೇಳಿದರು. ಯಾವುದಕ್ಕೂ ಆಗಲಿ ಅನ್ನಬಾರದು. ಅಳಬಾರದು. ಹಿಡಿದಿಟ್ಟವರಲ್ಲಿ ಯಾರನ್ನಾದರೂ ಫೋನಿಗೆ ಕರೆತಂದು ಗೋಗರೆಸಿದರೆ, ಕೇಳುತ್ತ ಕೂರದೆ ತಕ್ಷಣ ಫೋನ್ ಇಟ್ಟುಬಿಡಬೇಕು.

"ಅಯ್ಯೋ, ಇಟ್ಟುಬಿಡೋದಾ?" ಎಂದಳು ದೊಡ್ಡಮ್ಮ.

"ನೀವು ಕೇಳಿದ್ರೆ, ಅಳಿಸಿದ್ರೆ ಕೆಲಸ ಆಗುತ್ತೆ ಅಂತ ಅವರಿಗೆ ಗೊತ್ತಾಗುತ್ತೆ. ನಾಳೆ ಹೊಡೆದು ಅಳಿಸ್ತಾರೆ. ಇಟ್ಟುಬಿಟ್ರೆ ಅವನು ಬದುಕ್ತಾನೆ."

ಆ ಮಾತು ಸುಳ್ಳಾಗಿರಲಿಲ್ಲ. ಅದನ್ನು ದೊಡ್ಡಮ್ಮ ಇವತ್ತಿಗೂ ಒಪ್ಪುತ್ತಾಳೆ.

ಆ ಕಡೆ ಮಾತಾಡುತ್ತಿದ್ದವನು ಬಂದೂಕಿನವನಲ್ಲ. ಓದುಬರಹ ಬಲ್ಲವನೆಂದು ಹಿಡಿದು ತಂದು ಕೂರಿಸಿಕೊಂಡಿದ್ದ ಶಾಲೆ ಮೇಷ್ಟ್ರು, ಚರಿತ್ರೆ ಹೇಳಿಕೊಡುತ್ತಿದ್ದವನು. ಇದನ್ನೆಲ್ಲ ಅವನೇ ಹೇಳಿಕೊಂಡ. ಇವಳ ಮಾತು ಕೇಳಿ, ಹಳೇ ಕಾಲದ ಮುದುಕಿಯರ ಹಾಗೆ ಮಾತಾಡುತ್ತೀರಿ ಎಂದು ಮೊದಲ ವಾರವೇ ನಕ್ಕಿದ್ದನಂತೆ. ಅವಳನ್ನು 'ಅಕ್ಕ' ಎನ್ನುತ್ತಿದ್ದ. ಪ್ರತಿದಿನ ಹನ್ನೊಂದಕ್ಕೆ ಅವನ ಫೋನು. ತನ್ನ ಕಡೆಯವರ ಮಾತನ್ನು ಇವಳಿಗೆ ಒಪ್ಪಿಸುವನು. ಬೋರ್ಡಿನವರ ಮಾತನ್ನು ಇವಳು ಅವನಿಗೆ ಒಪ್ಪಿಸುವಳು. ಆಮೇಲೆ ಆ ಕಡೆ ಯಜಮಾನರು ತಮ್ಮತಮ್ಮಲ್ಲೇ ಕಚ್ಚಾಡುತ್ತ ಕೂರುತ್ತಿದ್ದರು, ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ. ಆ ಹೊತ್ತಿನಲ್ಲಿ ಫೋನ್ ಹಿಡಿದ ಇವರಿಬ್ಬರಿಗೂ ಬೇರೆ ಕೆಲಸವಿಲ್ಲ. ಮಾತಾಡುತ್ತಿರಲಿ, ಸಲಿಗೆ ಬೆಳೆದರೆ ಒಳ್ಳೆಯದೇ ಎಂದು ಬೋರ್ಡಿನವರೂ ಸುಮ್ಮನಿದ್ದರು.

ಮೇಷ್ಟ್ರಿಗೆ ಪಾಠ ಹೇಳುವ ಚಾಳಿ ಹೋಗಿರಲಿಲ್ಲ. "ಹಿಂದಿನ ಕಳ್ಳರ ಕತೆ ಗೊತ್ತಾ ಅಕ್ಕ?" ಎಂದ ಒಂದು ದಿನ. "ಎಷ್ಟೋ ಹಡಗುಗಳಲ್ಲಿ ನಾಯಕನನ್ನ ಅವರೇ ಕೈಯೆತ್ತಿ ಆರಿಸ್ತಿದ್ರು. ಕೈ ಹೋದೋನಿಗೆ ಇಷ್ಟು ಪಾಲು, ಕಾಲು ಹೋದೋನಿಗೆ ಇಷ್ಟು ಅಂತ ಮೊದಲೇ ಬರೆದಿಟ್ಕೊಳ್ತಿದ್ರು. ಬಾವುಟ ಕಂಡರೆ ಸಾಕು, ಎದುರಿನೋರು ಹೆದರಿ ಶರಣಾಗಬೇಕು. ಸುಮ್ಮನೆ ಗುಂಡು ಯಾಕೆ ಸುಡೋದು ಅಂತ. ಬಂದರು, ಪೆಟ್ಟಿಗೆ ಹೊತ್ಕೊಂಡು ಹೋದರು. ಒಂದು ದಿನದ ಕೆಲಸ."

"ಇವರು?"

"ಇವರಿಗೆ ಪೆಟ್ಟಿಗೆ ಬೇಡ. ಹಡಗಿನ ತುಂಬ ಸಿಮೆಂಟಿದೆ, ಯಾರಿಗೆ ಬೇಕು? ಮನುಷ್ಯರೇ ಇವರ ಪೆಟ್ಟಿಗೆ. ಬಾವುಟಾನೂ ಇಲ್ಲ, ಫೋನು ಒಂದಿದ್ರೆ ಆಯ್ತು."

ದೊಡ್ಡಮ್ಮ ಹೇಳಿದಳು: "ಆಗಲೂ ಮನುಷ್ಯರನ್ನ ಹೊತ್ಕೊಂಡು ಹೋಗ್ತಿದ್ರು ಮೇಷ್ಟ್ರೇ. ನಮ್ಮಜ್ಜಿ ಹೇಳ್ತಿದ್ದಳು."

ಅಜ್ಜಿಯ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವಳ ತವರಿನ ದಡದಲ್ಲಿ, ಬಹಳ ಹಿಂದೆ, ಗುರುತಿಲ್ಲದ ಹಾಯಿ ಕಂಡರೆ ಹೆಂಗಸರು ತಪ್ಪಲೆ ಬಡಿಯುತ್ತಿದ್ದರು. ಸದ್ದು ಕೇಳಿದವರೆಲ್ಲ ಮಕ್ಕಳನ್ನು ಎತ್ತಿಕೊಂಡು ಗುಡ್ಡಕ್ಕೆ ಓಡುತ್ತಿದ್ದರು. ಒಂದು ಸಲ, ಒಲೆಯ ಮೇಲಿಟ್ಟದ್ದನ್ನು ಇಳಿಸಿ ಬರುತ್ತೇನೆಂದು ಹಿಂದುಳಿದ ಮಗಳೊಬ್ಬಳನ್ನು ಕಳ್ಳರು ಹೊತ್ತೊಯ್ದರು. ಅವಳ ತಾಯಿಗೆ ಎರಡು ವರ್ಷ ಯಾವ ಸುದ್ದಿಯೂ ಇಲ್ಲ. ಆಮೇಲೆ ಒಬ್ಬ ವ್ಯಾಪಾರಿ ಬಂದು, ದೂರದ ಊರಿನ ಸಂತೆಯಲ್ಲಿ ಅವಳನ್ನು ಕಂಡೆ, ಬದುಕಿದ್ದಾಳೆ ಎಂದ. ತಾಯಿ ಆ ವ್ಯಾಪಾರಿಯ ಕೈ ಹಿಡಿದು, ಅವಳ ದನಿ ಕೇಳಿಸಿತಾ ಎಂದು ಮತ್ತೆ ಮತ್ತೆ ಕೇಳಿದಳಂತೆ. ಕೇಳಿಸಿರಲಿಲ್ಲ.

"ನೋಡಿ, ಈಗ ದಿನಾ ದನಿ ಕೇಳಿಸುತ್ತೆ" ಎಂದ ಮೇಷ್ಟ್ರು.

"ಕೇಳಿಸಿ ಏನು ಬಂತು?" ಎಂದಳು ದೊಡ್ಡಮ್ಮ.

ಅರವತ್ತೆಂಟನೆಯ ದಿನ ಅವನ ದನಿ ಬೇರೆಯಾಗಿತ್ತು. "ಅಕ್ಕ, ಒಬ್ಬರಿಗೆ ಕೊಡ್ತೀನಿ" ಎಂದಷ್ಟೇ ಹೇಳಿದ. ಅರವತ್ತೇಳು ದಿನ ಅಜ್ಜಿಯ ಭಾಷೆ ಬಿಟ್ಟು ಬೇರೇನೂ ಕೇಳಿಸದ ಆ ಫೋನಿನಲ್ಲಿ ನಮ್ಮದೇ ಮಾತು ಬಂತು. ಗಂಡಸಿನ ದನಿ, ಒಣಗಿದ ಗಂಟಲು.

"ಅಕ್ಕಾ, ನಾನು ಹಡಗಿನ ಅಡುಗೆಯವನು. ಒಂದು ಮಾತು..."

ದೊಡ್ಡಮ್ಮ ತಲೆ ಎತ್ತಿದಳು. ಬೋರ್ಡಿನ ಮೇಲೆ 'ಇಡಿ' ಎಂದು ಬರೆದಿತ್ತು. ಅವಳು ಇಟ್ಟಳು.

ಫೋನು ಇಟ್ಟ ಸದ್ದು ತನಗೆ ಕೇಳಿಸಲೇ ಇಲ್ಲ ಎನ್ನುತ್ತಾಳೆ. ಕೇಳಿಸಿದ್ದು ಕೆಳಗೆ ರಸ್ತೆಯಲ್ಲಿ ಲಾರಿಯೊಂದು ಹಿಂದೆ ಸರಿಯುವಾಗ ಕೂಗುವ ಪೀಂ ಪೀಂ ಸದ್ದು. ಬೋರ್ಡಿನವರು ಒಂದು ಲೋಟ ನೀರು ತಂದುಕೊಟ್ಟು, "ಸರಿಯಾಗೇ ಮಾಡಿದ್ರಿ" ಎಂದರು.

ಮುಂದಿನ ನಾಲ್ಕು ದಿನ ಫೋನು ಬರಲಿಲ್ಲ. ಐದನೆಯ ದಿನ ಮೇಷ್ಟ್ರು ಯಾವ ಪೀಠಿಕೆಯೂ ಇಲ್ಲದೆ ಹೇಳಿದ: "ಅಡುಗೆಯವರು ಹೋದರು ಅಕ್ಕ. ಹತ್ತು ದಿನದಿಂದ ಜ್ವರ ಇತ್ತು. ಔಷಧಿ ಇರಲಿಲ್ಲ. ದಡಕ್ಕೆ ತಂದು ಮಣ್ಣು ಮಾಡಿದ್ವಿ." ಅವಳು ಅದನ್ನು ನಮ್ಮ ಮಾತಿಗೆ ತಿರುಗಿಸಿ, ಅಳದೆ, ಬೋರ್ಡಿನವರಿಗೆ ಹೇಳಿದಳು. ಅವರು ಅವತ್ತು ಬೋರ್ಡಿನ ಮೇಲೆ ಏನನ್ನೂ ಬರೆಯಲಿಲ್ಲ.

ನೂರಾ ಹನ್ನೆರಡನೆಯ ದಿನ ಕೇಳಿದ ಹಣ ಸಿಕ್ಕಿ, ಕಳ್ಳರು ಹಡಗಿನಿಂದ ಇಳಿದು ಹೋದರು. ಹದಿನೆಂಟು ಜನ ಮನೆಗೆ ಬಂದರು. ಆಫೀಸಿನಲ್ಲಿ ದೊಡ್ಡಮ್ಮನಿಗೆ ಶಾಲು ಹೊದಿಸಿದರು. ಆ ಶಾಲು ಎಲ್ಲಿದೆಯೋ ನಮಗ್ಯಾರಿಗೂ ಗೊತ್ತಿಲ್ಲ.

ಆಮೇಲೆ ಮನೆಯಲ್ಲಿ ಶುರುವಾಯಿತು. ರಜೆಯ ದಿನ ಹನ್ನೊಂದು ಹೊಡೆದರೆ ಸಾಕು, ಎಲ್ಲಿದ್ದರೂ ಎದ್ದು ಹಜಾರಕ್ಕೆ ಬಂದು ಫೋನಿನ ಮುಂದೆ ನಿಲ್ಲುತ್ತಿದ್ದಳು. ಸ್ನಾನಕ್ಕೆ ಹೋದವಳು ಒದ್ದೆ ಕಾಲಿನಲ್ಲೇ ಬಂದು ನಿಂತದ್ದೂ ಉಂಟು. ಹತ್ತು ನಿಮಿಷ ನಿಂತು, ಯಾರೂ ಏನೂ ಕೇಳದಿದ್ದರೂ, "ಏನಿಲ್ಲ" ಎಂದು ಹೇಳಿ ಹೋಗುತ್ತಿದ್ದಳು. ಮಧ್ಯಾಹ್ನ ಕಣ್ಣು ಹತ್ತಿದರೆ ಅಜ್ಜಿಯ ಭಾಷೆಯಲ್ಲಿ ಮಾತಾಡುವಳು. ನಮಗ್ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ. ಹೇಳುವುದು, ನಿಲ್ಲಿಸುವುದು, ಯಾರದೋ ಉತ್ತರ ಕೇಳಿಸಿಕೊಂಡಂತೆ ತಲೆಯಾಡಿಸುವುದು. ಆ ನಿಲ್ಲಿಸಿದ ಹೊತ್ತಿನಲ್ಲಿ ನನಗೆ ಆ ಕೋಣೆಯಲ್ಲಿ ಕೂತಿರಲು ಆಗುತ್ತಿರಲಿಲ್ಲ. ಪುಸ್ತಕ ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ. ಕೆಲಸಕ್ಕೆ ಮತ್ತೆ ಮೂರು ತಿಂಗಳು ಹೋದಳು. ಟೈಪ್ ಮಾಡಿದ ಸರಕಿನ ಪಟ್ಟಿಯ ಕೊನೆಯಲ್ಲಿ ಒಂದು ದಿನ 'ಮನುಷ್ಯರು, ಹತ್ತೊಂಬತ್ತು' ಎಂದು ಹೊಡೆದಿದ್ದಳು. ತಾನು ಹೊಡೆದದ್ದು ಅವಳಿಗೇ ಗೊತ್ತಿರಲಿಲ್ಲ. ಕೆಲಸ ಬಿಟ್ಟಳು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ, ಅಡುಗೆಯವರ ಹೆಂಡತಿ ಮನೆಗೆ ಬಂದರು. ಬಾಗಿಲು ತೆರೆದವಳು ನಾನೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಇಸ್ತ್ರಿ ಮಾಡುವ ಕೆಲಸ ಅವರದು. ಮುಂಗೈ ಮೇಲೆ ಸುಟ್ಟ ಕಲೆಗಳಿದ್ದವು. ಗಂಡನ ಜೊತೆ ಕೊನೆಗೆ ಮಾತಾಡಿದವರು ಯಾರೆಂದು ಆಫೀಸಿನಲ್ಲಿ ವಿಚಾರಿಸಿಕೊಂಡು ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ನಾನು ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡರು.

"ಏನು ಹೇಳಿದ್ರು ಅವರು?"

ಒಂದು ಒಳ್ಳೆಯ ಮಾತು ಕಟ್ಟಿ ಹೇಳಬಹುದಿತ್ತು. ನಿನ್ನ ಹೆಸರು ಹೇಳಿದರು ಅಂದಿದ್ದರೆ ಮುಗಿಯುತ್ತಿತ್ತು. ಅಂಥದ್ದೇನಾದರೂ ಹೇಳಲಪ್ಪಾ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಅಕ್ಕಾ, ನಾನು ಹಡಗಿನ ಅಡುಗೆಯವನು, ಒಂದು ಮಾತು ಅಂದರು. ನಾನು ಫೋನ್ ಇಟ್ಟೆ" ಎಂದಳು ದೊಡ್ಡಮ್ಮ. ಯಾಕೆ ಇಡಬೇಕಾಯಿತು ಎಂಬುದನ್ನು ಹೇಳಲಿಲ್ಲ. ಬೋರ್ಡಿನವರ ಹೆಸರನ್ನೂ ಎತ್ತಲಿಲ್ಲ.

ಆ ಹೆಂಗಸು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಹೇಗಂದ್ರು? ಅವರು ಅಂದ ಹಾಗೇ ಒಂದ್ಸಲ ಅನ್ನಿ" ಎಂದರು.

ದೊಡ್ಡಮ್ಮ ಅಂದಳು. ಅವಳ ಗಂಟಲಿನಿಂದ ಗಂಡಸಿನ ದನಿ ಬಂತು ಎಂದರೆ ನೀವು ನಂಬಲಿಕ್ಕಿಲ್ಲ. ಒಣಗಿದ, ಆತುರದ ದನಿ. ಹೆಂಡತಿ ಕಣ್ಣು ಮುಚ್ಚಿಕೊಂಡು, "ಅವರೇ" ಎಂದರು. ನೀರು ಕುಡಿದು ಹೊರಟರು. ಅಂದಿನಿಂದ ವರ್ಷಕ್ಕೆ ಒಂದೆರಡು ಸಲ ಬರುತ್ತಾರೆ. ಪ್ರತಿ ಸಲವೂ ಅದೊಂದನ್ನು ಕೇಳುತ್ತಾರೆ, ದೊಡ್ಡಮ್ಮ ಹೇಳುತ್ತಾಳೆ. ಆ ಹೊತ್ತಿಗೆ ದೊಡ್ಡಪ್ಪ ಅಂಗಡಿಗೆಂದು ಎದ್ದು ಹೋಗುತ್ತಾರೆ.

ಏಳು ವರ್ಷದ ಮೇಲೆ, ದೊಡ್ಡಮ್ಮನ ಮೊಬೈಲಿಗೆ ಒಂದು ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದವಳು ಅಜ್ಜಿಯ ಭಾಷೆಗೆ ತಿರುಗಿದಳು. ರಜೆಗೆ ಬಂದಿದ್ದ ನಾನು ಎದುರಿಗೇ ಇದ್ದೆ. ಮೇಷ್ಟ್ರು. ಹಳೇ ಆಫೀಸಿನ ವಾಚ್‌ಮನ್ ನಂಬರು ಕೊಟ್ಟಿದ್ದನಂತೆ. ಮತ್ತೆ ಶಾಲೆಗೆ ಸೇರಿದ್ದೇನೆ, ಮಕ್ಕಳು ಕಡಲ್ಗಳ್ಳರ ಪಾಠ ಹೇಳಿ ಅನ್ನುತ್ತಾರೆ, ಹಾಯಿಹಡಗಿನವರದ್ದನ್ನು ಹೇಳಿ ಮುಗಿಸಿಬಿಡುತ್ತೇನೆ, ನೀವು ಯಾರನ್ನಾದರೂ ನೋಡಿದ್ದೀರಾ ಎಂದರೆ ಇಲ್ಲ ಅನ್ನುತ್ತೇನೆ ಎಂದನಂತೆ.

ದೊಡ್ಡಮ್ಮ ಅದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: ಅಡುಗೆಯವರು ಏನು ಹೇಳಬೇಕು ಅಂತಿದ್ದರು?

ಅವನು ಹೇಳಿದ್ದನ್ನು ದೊಡ್ಡಮ್ಮ ನನಗೆ ಹೀಗೆ ತಿಳಿಸಿದಳು: "ನನಗೆ ನಿಮ್ಮ ಭಾಷೆ ಎಲ್ಲಿ ಬರುತ್ತೆ ಅಕ್ಕ? ಫೋನ್ ಕೊಟ್ಟು ನಾನು ಆಚೆ ಸರಿದೆ. ನೀವು ಕೇಳಿಸಿಕೊಂಡಿರಿ ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಆಮೇಲೆ ಅವನೇ ಮಣ್ಣು ಮಾಡಿದ ಜಾಗವನ್ನು ವಿವರಿಸಿದ. ದೊಡ್ಡಮ್ಮ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು. ದಡದ ಮೇಲೆ ಸಣ್ಣ ಏರು, ಮುಳ್ಳುಮರ ಒಂದು, ಮೂರು ಕಲ್ಲು. ಕಲ್ಲು ಇಟ್ಟವನು ಅವನೇ. ಅಡುಗೆಯವರ ಮುಖ ಸಮುದ್ರದ ಕಡೆಗೆ. ಮಾತು ಮುಗಿಸಿ ಅವನೇ ಫೋನಿಟ್ಟ. ಆ ನಂಬರಿಗೆ ಆಮೇಲೆ ಎಷ್ಟು ಸಲ ಮಾಡಿದರೂ ಹೋಗಲಿಲ್ಲ.

ಆ ವಾರವೇ ಅಡುಗೆಯವರ ಹೆಂಡತಿಯನ್ನು ಕರೆಸಿದಳು. ಹರಿದುಕೊಟ್ಟ ಆ ಕ್ಯಾಲೆಂಡರಿನ ಹಾಳೆಯನ್ನು ಅವರು ಎರಡು ಸಲ ಓದಿದರು.

"ಸಮುದ್ರದ ಕಡೆಗಾ?" ಎಂದರು. "ಅವರಿಗೆ ಸಮುದ್ರ ಕಂಡ್ರೆ ಆಗ್ತಿರಲಿಲ್ಲ ಅಕ್ಕ. ಅಡುಗೆಮನೆಗೆ ಕಿಟಕಿ ಇಲ್ಲದ ಹಡಗು ಸಿಕ್ಕಿತು, ನನ್ನ ಪುಣ್ಯ ಅಂತಿದ್ರು."

ಅದನ್ನು ಹೇಳುತ್ತ ಅವರಿಗೆ ನಗು ಬಂತು. ದೊಡ್ಡಮ್ಮನಿಗೂ ಬಂತು. ಇಬ್ಬರೂ ನಕ್ಕು, ನಗು ಎಲ್ಲಿ ನಿಂತಿತೆಂದು ತಿಳಿಯದೆ, ಹಾಗೇ ಕೂತರು. ಹಾಳೆಯನ್ನು ಮಡಚಿ ರವಿಕೆಯೊಳಗಿಟ್ಟುಕೊಂಡು ಆ ಹೆಂಗಸು ಬಸ್ಸಿನ ಹೊತ್ತಾಯಿತೆಂದು ಎದ್ದರು.

"ಇನ್ನೊಂದು ಬಸ್ಸಿದೆ, ಕೂತ್ಕೊಳ್ಳಿ" ಎಂದಳು ದೊಡ್ಡಮ್ಮ.

ಅವರು ಕೂತರು.