ಬೋರಲು ಹಾಕಬಾರದ ತೆಪ್ಪ

ಎಪ್ಪತ್ತೈದನೇ ಇಸವಿಯೋ ಎಪ್ಪತ್ತಾರೋ ಇರಬೇಕು. ಸೊಸೆ ಹೆರಿಗೆಗೆಂದು ಬೆಳಕವಾಡಿ ಆಚೆ, ಹೊಳೆಯ ನಡುಗಡ್ಡೆಯಲ್ಲಿದ್ದ ತವರಿಗೆ ಹೋಗಿದ್ದಳು. ಮೊಮ್ಮಗ ಹುಟ್ಟಿ ಮೂರು ತಿಂಗಳಾದರೂ ನಾನು ಅವನ ಮುಖ ನೋಡಿರಲಿಲ್ಲ. ಒಮ್ಮೆ ದಡದವರೆಗೆ ಹೋದರೆ ಅಂಬಿಗನ ತೆಪ್ಪದ ತಳ ಕೊಳೆತು ಒಡೆದಿತ್ತು, ವಾಪಸು ಬಂದೆ. ನಾಳೆಯಿಂದ ಆಷಾಢ ಅನ್ನುವಾಗ ನನ್ನ ಜೀವ ತಡೆಯಲಿಲ್ಲ. ಆಷಾಢದಲ್ಲಿ ಸೊಸೆಯನ್ನು ಮನೆಗೆ ಕರೆತರುವುದಿಲ್ಲ. ಅಂದರೆ ಇನ್ನೂ ಒಂದು ತಿಂಗಳು!

ಮಳವಳ್ಳಿಯಲ್ಲಿ ಬಿದಿರು ಹೆಣೆಯುವವರ ಬಳಿ ಪುಟ್ಟ ತೆಪ್ಪವೊಂದು ಸಿದ್ಧವಿತ್ತು. ದುಂಡಗೆ, ದೊಡ್ಡ ಕುಕ್ಕೆಯ ಹಾಗೆ, ಹೊರಗೆಲ್ಲ ಡಾಂಬರು ಬಳಿದದ್ದು. ಕೊಂಡು, ಬಾಡಿಗೆ ಕಾರಿನ ಮೇಲಿನ ಕ್ಯಾರಿಯರಿಗೆ ಏರಿಸಿದೆವು.

‘ಬೋರ್ಲು ಆಕ್ಬುಡಣ ಗೌಡ್ರೆ, ಗಾಳಿ ಜಾರ್ಕೊಂಡ್ ಓಯ್ತದೆ,’ ಅಂದ ಡ್ರೈವರು.

‘ಬಾಣಂತಿ, ಮಗು ಕೂರೋ ತೆಪ್ಪ ಕಣ್ಲಾ! ಬೋರ್ಲು ಅಂದ್ರೆ ಮುಳುಗ್ದಂಗೆ. ಬಾಯಿ ಮೇಲಕ್ಕೇ ಇರ್ಲಿ.’

‘ಸರಿ ಬುಡಿ, ಒಳೆವರ್ಗೂ ಗಾಳೀಲಿ ಆರ್ಕೊಂಡೇ ಓಗುವ.’

ಅವನ ಮಾತು ನಿಜವಾಯಿತು. ಆಷಾಢದ ಗಾಳಿ ಆಗಲೇ ಎದ್ದಿತ್ತು. ತೆಪ್ಪದೊಳಗೆ ನುಗ್ಗಿ ಇಡೀ ಕಾರನ್ನು ಅಲ್ಲಾಡಿಸುತ್ತಿತ್ತು. ನಿಲ್ಲಿಸುವುದು, ನಾರಿನ ಹಗ್ಗ ಬಿಗಿಯುವುದು, ಮತ್ತೆ ಹೊರಡುವುದು. ನಾಲ್ಕು ಸಲ ಇದೇ ಆಗಿ ಸಾಕಾಗಿ, ಕಿಟಕಿಯಿಂದ ಕೈ ಹಾಕಿ ಹಗ್ಗ ಹಿಡಿದು ಕೂತೆ. ಅಂಗೈ ಸುಲಿಯಿತು. ತೋಳು ನನ್ನದೇ ಅಲ್ಲವೆನ್ನುವಷ್ಟು ಮರಗಟ್ಟಿತು.

ಬೆಳಕವಾಡಿ ಇನ್ನೂ ಸಿಕ್ಕಿರಲಿಲ್ಲ. ಎದುರಿಗೆ ಬಸ್ಸೊಂದು ಜೋರಾಗಿ ಬಂದು ಹೋದದ್ದೇ ತಡ, ಹಗ್ಗ ಪಟ್ಟನೆ ಕಿತ್ತುಹೋಯಿತು. ತೆಪ್ಪ ರಸ್ತೆಗೆ ಹಾರಿ, ಚಕ್ರದ ಹಾಗೆ ಉರುಳಿ, ಕೆಸರುಗದ್ದೆಯಲ್ಲಿ ಬೋರಲಾಗಿ ಮಲಗಿತು.

‘ನೋಡಿ, ಅದ್ಕಾದ್ರೂ ಬುದ್ಧಿ ಐತೆ!’ ಅಂದ ಡ್ರೈವರು.

ಬೈಯಲೂ ನನಗೆ ಶಕ್ತಿ ಇರಲಿಲ್ಲ. ಗದ್ದೆಗಿಳಿದು ತಳವನ್ನೆಲ್ಲ ಸವರಿ ನೋಡಿದೆ. ಕೆಸರು ಕಾಪಾಡಿತ್ತು, ಬಿದಿರು ಎಲ್ಲೂ ಸೀಳಿರಲಿಲ್ಲ. ‘ಎಂಗ್ ಬಿದ್ದದೋ ಅಂಗೇ ಎತ್ತಿ ಕಟ್ಟಪ್ಪ,’ ಅಂದೆ.

ಡ್ರೈವರು ಅಂಚಿನಡಿಗೆ ಗೋಣಿಚೀಲ ಮಡಿಸಿಟ್ಟ. ಅಡ್ಡಲಾಗಿ ಎರಡು ಹಗ್ಗ ಎಳೆದು ಕ್ಯಾರಿಯರಿನ ಸರಳಿಗೇ ಬಿಗಿದ. ಆಮೇಲೆ ಮುಂದಿನ ಬಂಪರಿಗೊಂದು, ಹಿಂದಿನದಕ್ಕೊಂದು. ಹಿಡಿದು ಅಲ್ಲಾಡಿಸಿದರೆ ಕಾರು ಅಲುಗಿತೇ ಹೊರತು ತೆಪ್ಪ ಅಲುಗಲಿಲ್ಲ. ಮುಂದೆ ದಾರಿಯುದ್ದಕ್ಕೂ ಎಲ್ಲೂ ನಿಲ್ಲಿಸಲಿಲ್ಲ. ನಾನು ಮಾತ್ರ ಇದ್ದಬದ್ದ ದೇವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿಯುತ್ತ ಕೂತಿದ್ದೆ.

ಹೊಳೆ ಮುಟ್ಟಿ ತೆಪ್ಪವನ್ನು ನೀರಿಗಿಳಿಸಿದೆವು. ಅಂಬಿಗ ಅದರಲ್ಲಿ ನಡುಗಡ್ಡೆಗೆ ಹೋಗಿ, ಸೊಸೆಯನ್ನೂ ಮಗುವನ್ನೂ ಕೂರಿಸಿಕೊಂಡು ಬರುವ ತನಕ ನಾನು ಉಸಿರೇ ಬಿಡಲಿಲ್ಲ ಅನ್ನಬೇಕು.

‘ಎತ್ಕಳಿ ಮಾವ,’ ಎಂದು ಸೊಸೆ ಮಗುವನ್ನು ನೀಡಿದಳು.

ತೋಳು ಮೇಲೇಳಲಿಲ್ಲ. ‘ತಾಳವ್ವ,’ ಎಂದು ಮರಳ ಮೇಲೇ ಕೂತು ತೊಡೆ ಚಾಚಿದೆ. ಅವಳು ಮಲಗಿಸಿದಳು. ಅಯ್ಯೋ, ಆ ಮುಖ! ಹೇಗೆ ಬರೆಯಲಿ? ನಾನು ಓದಿದ್ದು ಮೂರನೇ ಕ್ಲಾಸು. ಅಷ್ಟು ದಣಿದಿದ್ದೆ, ಕಣ್ಣೀರು ಒರೆಸಿಕೊಳ್ಳಲೂ ಕೈ ಬರಲಿಲ್ಲ.

ಮಗುವನ್ನು ಮಡಿಲಲ್ಲೇ ಇಟ್ಟುಕೊಂಡು ಕಾರು ಹತ್ತಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಮದ್ದೂರು. ಪಂಚೆ ಬೆಚ್ಚಗೆ ಒದ್ದೆಯಾಗಿತ್ತು.

‘ಆಗ್ಲೇ ಆಯ್ತು ಮಾವ,’ ಎಂದು ಸೊಸೆ ನಕ್ಕಳು. ‘ನಿಮ್ ಗೊರ್ಕೆಗೆ ಅವ್ನೂ ಮನೀಕೊಂಡ, ಅದ್ಕೇ ಎಬ್ಬಿಸ್ನಿಲ್ಲ.’

ಅಲ್ಲಿಂದಾಚೆ, ಕೊಪ್ಪದ ನಮ್ಮ ಮನೆ ಮುಟ್ಟುವವರೆಗೂ ನಾನು ಮಿಸುಕಲಿಲ್ಲ.